ಸೀಳುತುಟಿಯ ಮಗುವಿಗೆ ಜೀನ್ ಪರೀಕ್ಷೆ ಬೇಕೇ? ಮನೆಯಿಂದ ಜೆನೆಟಿಕ್ ಕ್ಲಿನಿಕ್‌ವರೆಗೆ ಒಂದೊಂದೇ ಹೆಜ್ಜೆ

"ಡಾಕ್ಟ್ರೇ, ಮಗೂಗೆ ತುಟಿ ಸೀಳಿದೆ. ಆಪರೇಷನ್ ಆದ್ರೆ ಸರಿಹೋಗುತ್ತೆ ಅಂದಿದ್ರು. ಈಗ ಯಾರೋ ಜೀನ್ ಟೆಸ್ಟೂ ಮಾಡ್ಸಿ ಅಂತಿದಾರೆ. ಮಾಡಿಸ್ಲೇಬೇಕಾ? ಮುಂದಿನ ಮಗೂಗೂ ಬರುತ್ತಾ?"

ಹಾಸನದಲ್ಲಿ ಮಕ್ಕಳ ವೈದ್ಯೆಯಾಗಿರುವ ನನಗೆ ಬೇಲೂರು, ಸಕಲೇಶಪುರ, ಅರಕಲಗೂಡಿನ ಕಡೆಯಿಂದ ಬರುವ ಅಪ್ಪ ಅಮ್ಮಂದಿರು ಕೇಳುವುದು ಇದನ್ನೇ. ಮೂಡಿಗೆರೆ, ಕಡೂರಿನಿಂದ ಫೋನ್ ಮಾಡುವವರದ್ದೂ ಇದೇ ಪ್ರಶ್ನೆ. ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಮಕ್ಕಳಿಗೂ ಜೀನ್ ಪರೀಕ್ಷೆ ಬೇಡ. ಆದರೆ ಸೀಳು ಇರುವ ಪ್ರತಿಯೊಂದು ಮಗುವನ್ನೂ ನೆತ್ತಿಯಿಂದ ಕಾಲ್ಬೆರಳಿನವರೆಗೆ ಒಮ್ಮೆ ಸಾವಧಾನವಾಗಿ ನೋಡಲೇಬೇಕು. ಜೊತೆಗೆ ಅಪ್ಪ ಅಮ್ಮನನ್ನೂ ನೋಡಬೇಕು. ಈ ಕೆಲಸಕ್ಕೆ ಬೇಕಾದದ್ದು ಟಾರ್ಚು, ಅಳತೆ ಟೇಪು, ಒಂದು ಹಾಳೆ, ಅರ್ಧ ಗಂಟೆ. ರಕ್ತ ತೆಗೆಯುವುದು ಇವೆಲ್ಲ ಆದಮೇಲೆ.

ಮೊದಲು ತಿಳಿದಿರಬೇಕಾದದ್ದು

ಹೊಟ್ಟೆಯಲ್ಲಿರುವ ಕೂಸಿನ ತುಟಿಯ ಎರಡು ಬದಿಗಳು ಗರ್ಭದ 4ರಿಂದ 7ನೇ ವಾರದೊಳಗೆ ಬಂದು ಕೂಡಿಕೊಳ್ಳಬೇಕು. ಬಾಯಿಯ ಮೇಲ್ಛಾವಣಿ, ಅಂದರೆ ಅಂಗಳ, ಕೂಡುವುದು 6ರಿಂದ 9ನೇ ವಾರದೊಳಗೆ. ಕೂಡದೆ ಉಳಿದರೆ ಸೀಳು. ಜಗತ್ತಿನಲ್ಲಿ ಸುಮಾರು 700 ಮಕ್ಕಳಲ್ಲಿ ಒಂದು ಮಗು ಹೀಗೆ ಹುಟ್ಟುತ್ತದೆ. ಎಷ್ಟೋ ಹೆಂಗಸರಿಗೆ ಮುಟ್ಟು ನಿಂತದ್ದು ಖಾತ್ರಿಯಾಗುವ ಹೊತ್ತಿಗೆ ತುಟಿ ಕೂಡುವ ಕೆಲಸ ಅರ್ಧ ಮುಗಿದಿರುತ್ತದೆ. ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ದರಿಂದ ಹೀಗಾಯಿತು ಎಂದು ಬಾಣಂತಿಯನ್ನು ಆಡಿಕೊಳ್ಳುವ ಮನೆಗಳು ಈಗಲೂ ಇವೆ. ದಯವಿಟ್ಟು ಆ ಮಾತನ್ನು ಇವತ್ತಿಗೆ ನಿಲ್ಲಿಸಿ. ಅದು ಸುಳ್ಳು ಎನ್ನುವುದು ಒಂದು ಕಾರಣ. ಹಾಗೆ ಅನ್ನಿಸಿಕೊಂಡ ತಾಯಿ ನಾನು ಕೇಳುವ ಪ್ರಶ್ನೆಗಳಿಗೆ ಬಾಯಿ ಬಿಡುವುದೇ ಇಲ್ಲ ಎನ್ನುವುದು ಇನ್ನೊಂದು.

ಸಿಂಡ್ರೋಮ್ ಎಂದರೆ ಒಂದೇ ಮೂಲ ಕಾರಣದಿಂದ ದೇಹದ ಬೇರೆ ಬೇರೆ ಕಡೆ ಒಟ್ಟಿಗೆ ಕಾಣಿಸಿಕೊಳ್ಳುವ ಲಕ್ಷಣಗಳ ಗುಂಪು. ತುಟಿ ಸೀಳಿರುವ ಮಕ್ಕಳಲ್ಲಿ, ಅಂಗಳವೂ ಸೀಳಿರಲಿ ಇಲ್ಲದಿರಲಿ, ನೂರಕ್ಕೆ ಸುಮಾರು 70 ಮಂದಿಗೆ ಸೀಳೊಂದನ್ನು ಬಿಟ್ಟು ಬೇರೇನೂ ತೊಂದರೆ ಇರುವುದಿಲ್ಲ. ತುಟಿ ಚೆನ್ನಾಗಿದ್ದು ಅಂಗಳ ಮಾತ್ರ ಸೀಳಿದ್ದರೆ ಈ ಲೆಕ್ಕ ನೂರಕ್ಕೆ ಸುಮಾರು 50ಕ್ಕೆ ಇಳಿಯುತ್ತದೆ. ಹೊರಗೆ ಕಾಣುವ ಸೀಳಿಗಿಂತ ಒಳಗೆ ಅಡಗಿದ ಸೀಳಿಗೇ ನಾವು ಹೆಚ್ಚು ಹುಡುಕಾಡುವುದು ಇದಕ್ಕೆ.

ಹಂತ 1: ಕಾಗದಪತ್ರ, ಫೋಟೊ

ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟುಗಳು, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಇವೆಲ್ಲ ಒಂದೇ ಫೈಲಿನಲ್ಲಿರಲಿ. ಬಸಿರಿನ ಮೊದಲ ಮೂರು ತಿಂಗಳಲ್ಲಿ ನುಂಗಿದ ಮಾತ್ರೆಗಳ ಹೆಸರನ್ನು ನೆನಪಿದ್ದಷ್ಟು ಬರೆಯಿರಿ. ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್, ಫೆನಿಟಾಯಿನ್, ಟೋಪಿರಮೇಟ್ ಔಷಧಗಳಿಗೂ ಸೀಳಿಗೂ ನಂಟಿದೆ. ಮದ್ಯ, ಬೀಡಿ ಸಿಗರೇಟು, ಗರ್ಭಕ್ಕೆ ಮುಂಚಿನಿಂದಲೇ ಇದ್ದ ಸಕ್ಕರೆ ಕಾಯಿಲೆಯನ್ನೂ ಮುಚ್ಚಿಡಬೇಡಿ. ಮೂರ್ಛೆರೋಗವನ್ನು ಗಂಡನ ಮನೆಯವರಿಂದ ಮರೆಮಾಚಿ ಮಾತ್ರೆ ನುಂಗುವ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. ಅಂಥವರು ಡಾಕ್ಟರ ಹತ್ತಿರ ಒಬ್ಬರೇ ಮಾತಾಡುತ್ತೇನೆ ಎಂದು ಕೇಳಿ. ಅದು ನಿಮ್ಮ ಹಕ್ಕು.

ಎಚ್ಚರಿಕೆ: ಇದನ್ನು ಓದಿ ಮೂರ್ಛೆಯ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಗರ್ಭಿಣಿಗೆ ಫಿಟ್ಸ್ ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯ. ಮಾತ್ರೆ ಬದಲಿಸುವುದಿದ್ದರೆ ಬಸಿರಾಗುವ ಮುಂಚೆ, ನರರೋಗ ವೈದ್ಯರ ಸಲಹೆಯಲ್ಲಿ ಆಗಬೇಕು.

ಫೈಲಿನಲ್ಲಿ ಆಪರೇಷನ್ನಿಗೆ ಮುಂಚಿನ ಫೋಟೊಗಳೂ ಇರಲಿ. ದೃಷ್ಟಿಯಾಗುತ್ತದೆ ಎಂದೋ, ನೋಡಲಾಗದೆಯೋ ಬಹಳಷ್ಟು ಮನೆಗಳಲ್ಲಿ ಸೀಳು ಇದ್ದಾಗ ಮಗುವಿನ ಫೋಟೊ ತೆಗೆಯುವುದಿಲ್ಲ. ತುಟಿ ಹೊಲಿದ ಮೇಲೆ ಮುಖದ ಮೂಲ ರೂಪ ಬದಲಾಗುತ್ತದೆ. ಐದು ವರ್ಷ ಕಳೆದು ಜೆನೆಟಿಕ್ಸ್ ವೈದ್ಯರು "ಹುಟ್ಟಿದಾಗ ಹೇಗಿತ್ತು?" ಎಂದು ಕೇಳಿದಾಗ ತೋರಿಸಲು ಏನೂ ಉಳಿದಿರುವುದಿಲ್ಲ. ಕಿಟಕಿಯ ಬೆಳಕಿನಲ್ಲಿ ಮುಂದಿನಿಂದ ಒಂದು, ಎರಡು ಪಕ್ಕದಿಂದ ಒಂದೊಂದು, ಎರಡು ಕಿವಿ, ಬಿಡಿಸಿದ ಅಂಗೈ, ಪಾದ, ಇಷ್ಟು ತೆಗೆದಿಡಿ. ಯಾರಿಗೂ ಕಳಿಸಬೇಕಾಗಿಲ್ಲ.

ಹಂತ 2: ಸೀಳು ಯಾವ ಬಗೆಯದು?

ಸೀಳು ತುಟಿಯಲ್ಲಿ ಮಾತ್ರವೇ, ತುಟಿ, ಒಸಡು, ಅಂಗಳ ಮೂರರಲ್ಲೂ ಹಾದುಹೋಗಿದೆಯೇ, ಅಂಗಳದಲ್ಲಿ ಮಾತ್ರವೇ? ಒಂದು ಬದಿಗೋ ಎರಡು ಬದಿಗೋ? ಇದನ್ನು ಮೊದಲು ಬರೆದುಕೊಳ್ಳಬೇಕು. ಮೂಗಿನ ನೇರ ಕೆಳಗೆ ತುಟಿಯ ನಟ್ಟನಡುವೆ ಸೀಳಿದ್ದರೆ ಅದು ಅಪರೂಪದ ಬಗೆ. ಮಿದುಳಿನ ಬೆಳವಣಿಗೆಯಲ್ಲೂ ತೊಂದರೆ ಇರಬಹುದು, ಬೇಗ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಅಂಗಳ ನೋಡುವಾಗ ಅವಸರ ಬೇಡ. ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಅತ್ತಾಗ ಟಾರ್ಚು ಬಿಟ್ಟರೆ ಗಂಟಲಿನವರೆಗೆ ಕಾಣುತ್ತದೆ. ಬೆರಳಾಡಿಸಿ ನೋಡುವ ಕೆಲಸ ವೈದ್ಯರಿಗೆ ಬಿಡಿ. ನಾನು ಮೊದಲು ನೋಡುವುದು ಕಿರುನಾಲಿಗೆಯನ್ನು. ಅದು ಒಂದೇ ಹನಿಯಂತೆ ಇಳಿಬಿದ್ದಿರಬೇಕು. ತುದಿ ಎರಡಾಗಿ ಹಾವಿನ ನಾಲಿಗೆಯ ಹಾಗಿದ್ದರೆ, ಅಂಗಳದ ನಡುವೆ ಚರ್ಮ ತೆಳುವಾಗಿ ನೀಲಿ ಗೆರೆ ಕಂಡರೆ, ಗಟ್ಟಿ ಅಂಗಳದ ಹಿಂದಿನ ಅಂಚಿನಲ್ಲಿ ಬೆರಳಿಗೆ ಕಚ್ಚು ಸಿಕ್ಕಿದರೆ ಅದು ಮುಚ್ಚಿದ ಸೀಳು ಇರಬಹುದು. ಮೇಲೆ ತೆಳು ಚರ್ಮ ಕೂಡಿಕೊಂಡಿದೆ, ಒಳಗಿನ ಸ್ನಾಯು ಕೂಡಿಲ್ಲ ಎಂದು ಅರ್ಥ. ಹುಟ್ಟಿದಾಗ ಎಷ್ಟೋ ಸಲ ಯಾರ ಕಣ್ಣಿಗೂ ಬೀಳದ ಸೀಳು ಇದು. ಮಗು ಮೂರು ವರ್ಷಕ್ಕೆ ಮೂಗಿನಲ್ಲಿ ಮಾತಾಡಿದಾಗ ಗೊತ್ತಾಗುತ್ತದೆ. ಕಿರುನಾಲಿಗೆ ಎರಡಾಗಿದ್ದೂ ಬೇರೇನೂ ತೊಂದರೆಯಿಲ್ಲದ ಆರೋಗ್ಯವಂತರೂ ಇದ್ದಾರೆ, ಅದೊಂದನ್ನೇ ಹಿಡಿದು ಹೆದರಬೇಡಿ.

ಎಚ್ಚರಿಕೆ: ಇಂಥ ಮುಚ್ಚಿದ ಸೀಳು ಇರುವುದು ತಿಳಿಯದೆ ಮೂಗಿನ ಹಿಂದಿನ ಗಡ್ಡೆ, ಅಂದರೆ ಅಡಿನಾಯ್ಡ್, ತೆಗೆಸಿದರೆ ಮಾತು ಇನ್ನಷ್ಟು ಮೂಗಿಗೆ ಹೋಗುತ್ತದೆ. ಅಡಿನಾಯ್ಡ್ ಆಪರೇಷನ್ನಿಗೆ ಒಪ್ಪುವ ಮೊದಲು "ಅಂಗಳ ನೋಡಿದಿರಾ ಡಾಕ್ಟ್ರೇ?" ಎಂದು ಕೇಳಲು ಸಂಕೋಚ ಬೇಡ.

ಹಂತ 3: ನೆತ್ತಿಯಿಂದ ಕಾಲಿನವರೆಗೆ

ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ, ಎಣ್ಣೆಸ್ನಾನದ ಹೊತ್ತಿನಲ್ಲಾದರೆ ಒಳ್ಳೆಯದು, ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಆಶಾ ಕಾರ್ಯಕರ್ತೆಯರಿಗೂ ಇದನ್ನೇ ಹೇಳುತ್ತೇನೆ.

ತಲೆಯ ಸುತ್ತಳತೆ: ದಿನ ತುಂಬಿ ಹುಟ್ಟಿದ ಮಗುವಿಗೆ ಸುಮಾರು 35 ಸೆಂಟಿಮೀಟರ್. ತೀರಾ ಚಿಕ್ಕದಿದ್ದರೆ, ತೂಕವೂ ಏರದಿದ್ದರೆ ಬರೆದುಕೊಳ್ಳಿ.

ಗದ್ದ: ಮಗುವನ್ನು ಪಕ್ಕದಿಂದ ನೋಡಿ. ಕೆಳದವಡೆ ಚಿಕ್ಕದಾಗಿ ಹಿಂದಕ್ಕೆ ಸರಿದಿದ್ದು, ನಾಲಿಗೆ ಹಿಂದಕ್ಕೆ ಜಾರಿ, ಉಸಿರು ಗೊರಗೊರ ಎನ್ನುತ್ತಿದ್ದರೆ ಅದನ್ನು ಪಿಯರ್ ರೋಬಿನ್ ಸೀಕ್ವೆನ್ಸ್ ಎನ್ನುತ್ತಾರೆ. ಅಂಗಳದ ಸೀಳು ಇಂಥವರಲ್ಲಿ ಇಂಗ್ಲಿಷ್ ಯು ಅಕ್ಷರದಂತೆ ಅಗಲವಾಗಿರುತ್ತದೆ. ಅಂಗಾತ ಮಲಗಿಸಿದರೆ ಉಸಿರು ಕಟ್ಟುತ್ತದೆ. ಹೇಗೆ ಮಲಗಿಸಬೇಕು ಎನ್ನುವುದನ್ನು ಆಸ್ಪತ್ರೆಯಲ್ಲೇ ಕಲಿತು ಮನೆಗೆ ಹೋಗಿ. ತುಟಿ ನೀಲಿಯಾದರೆ, ಎದೆ ಒಳಕ್ಕೆ ಸೆಳೆದರೆ 108ಕ್ಕೆ ಕರೆ ಮಾಡಿ. ಘಾಟಿ ರಸ್ತೆಯಲ್ಲಿ ರಾತ್ರಿ ಹೊತ್ತು ಸ್ವಂತ ಕಾರಿನಲ್ಲಿ ಹೊರಡುವ ಸಾಹಸ ಬೇಡ, ದಾರಿಯಲ್ಲಿ ಮಗುವಿಗೆ ಆಮ್ಲಜನಕ ಬೇಕಾಗಬಹುದು.

ಗದ್ದ ಚಿಕ್ಕದಿರುವ ಮಕ್ಕಳಲ್ಲಿ ನಾವು ವಿಶೇಷವಾಗಿ ಹುಡುಕುವುದು ಸ್ಟಿಕ್ಲರ್ ಸಿಂಡ್ರೋಮನ್ನು. ದೇಹದ ಕೊಲಾಜೆನ್ ಎಂಬ ನಾರಿನ ತೊಂದರೆ ಇದು. ಕಣ್ಣಿಗೆ ಚಿಕ್ಕಂದಿನಲ್ಲೇ ದೊಡ್ಡ ಮೈನಸ್ ಪವರ್, ಕಿವಿ ಮಂದ, ದೊಡ್ಡವರಾಗುತ್ತ ಕೀಲುನೋವು. ಭಯಪಡಬೇಕಾದದ್ದು ಕಣ್ಣಿನ ಒಳಪರದೆ, ರೆಟಿನಾ, ಕಿತ್ತುಬರುವುದಕ್ಕೆ. ಮೊದಲೇ ಗೊತ್ತಿದ್ದರೆ ಲೇಸರ್ ಅಥವಾ ಶೀತಚಿಕಿತ್ಸೆಯಿಂದ ರೆಟಿನಾವನ್ನು ಭದ್ರಪಡಿಸಬಹುದು. ಹುಡುಕಾಟದಿಂದ ಮಗುವಿನ ದೃಷ್ಟಿಯೇ ಉಳಿಯಬಹುದಾದ ಸಿಂಡ್ರೋಮ್ ಇದು. ಗದ್ದ ಚಿಕ್ಕದಾಗಿ, ಅಂಗಳ ಸೀಳಿದ ಯಾವ ಮಗುವನ್ನೂ ಕಣ್ಣಿನ ಪಾಪೆ ಹಿಗ್ಗಿಸಿ ಪರೀಕ್ಷಿಸದೆ ಬಿಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಕಣ್ಣು, ಕಿವಿ: ಕಣ್ಣಿನ ಹೊರತುದಿ ಕೆಳಕ್ಕೆ ಇಳಿದಿದೆಯೇ? ಕೆಳರೆಪ್ಪೆಯಲ್ಲಿ ಕಚ್ಚು ಬಿದ್ದಂತಿದೆಯೇ? ಕಿವಿಯ ಹಾಲೆ ಮುದುಡಿ ಚಿಕ್ಕದಾಗಿದೆಯೇ? ಕೆನ್ನೆಯ ಮೂಳೆಯೂ ಚಪ್ಪಟೆಯಿದ್ದರೆ ಟ್ರೀಚರ್ ಕಾಲಿನ್ಸ್ ಸಿಂಡ್ರೋಮ್ ಇರಬಹುದು. ಇವರಲ್ಲಿ ಬುದ್ಧಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಎಷ್ಟೋ ಮಂದಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಕಿವಿಗೆ ಯಂತ್ರ ಕೊಡದೆ "ಮಂದಬುದ್ಧಿ" ಎಂದು ಮೂಲೆಗೆ ಕೂರಿಸಿದ ಮಕ್ಕಳನ್ನು ಕಂಡಿದ್ದೇನೆ.

ಎದೆ: ಹಾಲು ಕುಡಿಯುವಾಗ ಹಣೆ ಬೆವರುವುದು, ಏದುಸಿರು, ತುಟಿ ಉಗುರು ನೀಲಿಯಾಗುವುದು ಹೃದಯದ ತೊಂದರೆಯ ಸೂಚನೆ.

ಕೈಕಾಲು: ಕೈ ಅಥವಾ ಪಾದದ ನಡುವಿನ ಬೆರಳು ಇಲ್ಲದೆ ಏಡಿಯ ಕೊಂಬಿನಂತಿದ್ದರೆ, ಕೂದಲು ವಿರಳ, ಉಗುರು ವಿಕಾರ, ಬೆವರು ಕಡಿಮೆಯಿದ್ದರೆ ಅದೊಂದು ಗುಂಪು. ಇಂಥ ಮಕ್ಕಳಿಗೆ ಅರಸೀಕೆರೆ, ಕಡೂರಿನ ಬೇಸಿಗೆಯಲ್ಲಿ ಮೈ ಬಿಸಿ ಇಳಿಯುವುದಿಲ್ಲ, ಒದ್ದೆ ಬಟ್ಟೆ ಸುತ್ತಬೇಕಾಗುತ್ತದೆ. ಕಾಲಿನ ಎರಡನೇ ಮೂರನೇ ಬೆರಳು ಅಂಟಿಕೊಂಡಿರುವುದು, ಆರು ಬೆರಳು, ಮಂಡಿಯ ಹಿಂದೆ ಚರ್ಮದ ಪಟ್ಟಿ, ಗಂಡುಮಗುವಿಗೆ ಬೀಜ ಇಳಿಯದಿರುವುದು ಇವನ್ನೂ ಬರೆದುಕೊಳ್ಳಿ.

ಎಚ್ಚರಿಕೆ: ಒಂದು ಸಣ್ಣ ಗುರುತು ಕಂಡ ಕೂಡಲೇ ಮೊಬೈಲಿನಲ್ಲಿ ಹುಡುಕಿ ಕಂಗಾಲಾಗಬೇಡಿ. ಸೀಳೇ ಮೂಗನ್ನು ಒಂದು ಕಡೆಗೆ ಎಳೆದು ಮುಖವನ್ನು ಬೇರೆಯಾಗಿ ತೋರಿಸುತ್ತದೆ. ಅಗಲ ಕಿವಿ ಅಜ್ಜನಿಂದ ಬಂದಿರಬಹುದು. ಎರಡು ಮೂರು ಗುರುತುಗಳು ಒಂದೇ ಮಗುವಿನಲ್ಲಿ ಕೂಡಿಬಂದಾಗ ಅದಕ್ಕೆ ತೂಕ.

ಹಂತ 4: ಮನೆತನದ ನಕ್ಷೆ

ಯಂತ್ರಗಳು ಹೇಳದ್ದನ್ನು ಎಷ್ಟೋ ಸಲ ಒಂದು ಹಾಳೆ ಹೇಳುತ್ತದೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೊಂದರೆ ಇದ್ದವರಿಗೆ ಒಳಗೆ ಮಸಿ. ಮಗು, ಒಡಹುಟ್ಟಿದವರು, ಅಪ್ಪ ಅಮ್ಮ, ಎರಡೂ ಕಡೆಯ ಚಿಕ್ಕಪ್ಪ ದೊಡ್ಡಪ್ಪ ಸೋದರಮಾವ ಚಿಕ್ಕಮ್ಮಂದಿರು, ಅಜ್ಜ ಅಜ್ಜಿ: ಮೂರು ತಲೆಮಾರು ಸಾಕು. ಗರ್ಭಪಾತ, ಹುಟ್ಟಿ ತೀರಿಕೊಂಡ ಕೂಸುಗಳನ್ನೂ ಹಾಕಿ. ಈ ಕೆಲಸಕ್ಕೆ ಅಜ್ಜಿಯನ್ನು ಕೂರಿಸಿಕೊಳ್ಳಿ, ಮನೆತನದ ದಾಖಲೆ ಇರುವುದು ಅವರ ತಲೆಯಲ್ಲಿ.

"ಸಂಬಂಧದಲ್ಲೇ ಮದುವೆಯಾ?" ಎಂದು ಕೇಳಿದರೆ ಹೆಚ್ಚಿನವರು "ಇಲ್ಲ" ಎನ್ನುತ್ತಾರೆ, ಇಲ್ಲವೇ "ದೂರದ ಸಂಬಂಧ" ಎನ್ನುತ್ತಾರೆ. ನಾನು ಬೇರೆ ಥರ ಕೇಳುತ್ತೇನೆ: "ಮದುವೆಗೆ ಮುಂಚೆ ಯಜಮಾನರನ್ನ ಏನಂತ ಕರೀತಿದ್ದೆ ತಾಯಿ?" "ಮಾವ ಅಂತಿದ್ದೆ" ಎನ್ನುವಾಗ ನಗು ಬರುತ್ತದೆ, ಉತ್ತರವೂ ಬರುತ್ತದೆ. ಅಕ್ಕನ ಮಗಳನ್ನು ತಂದುಕೊಂಡ ಮನೆ, ಸೋದರತ್ತೆಯ ಮಗನಿಗೆ ಕೊಟ್ಟ ಮನೆ ನಮ್ಮಲ್ಲಿ ಬೇಕಾದಷ್ಟಿವೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ಜೀನಿನ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು ಇಂಥ ಮದುವೆಗಳಲ್ಲಿ ಹೆಚ್ಚು ಎನ್ನುವುದು ವೈದ್ಯರಿಗೆ ತಿಳಿದಿರಬೇಕು, ಅಷ್ಟೆ.

ಈಗ ಅಪ್ಪ ಅಮ್ಮನ ಮುಖ. ವೃತ್ತಿಗೆ ಬಂದ ಹೊಸದರಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ತುಟಿ ಸೀಳಿದ ಮಗುವನ್ನು ನೋಡಿದೆ, ಆಪರೇಷನ್ನಿಗೆ ಬರೆದುಕೊಟ್ಟೆ. ಅದೇ ತಾಯಿ ನಾಲ್ಕು ವರ್ಷದ ಮೇಲೆ ಎರಡನೇ ಕೂಸನ್ನು ಎತ್ತಿಕೊಂಡು ಬಂದರು. ಇದಕ್ಕೆ ತುಟಿ ಸರಿಯಿತ್ತು, ಅಂಗಳ ಸೀಳಿತ್ತು. ಆಗ ತಲೆಯೆತ್ತಿ ಆಕೆಯನ್ನು ನೋಡಿದೆ. ಕೆಳತುಟಿಯ ನಡುಭಾಗದಲ್ಲಿ, ಅಕ್ಕಪಕ್ಕ, ಸೂಜಿಮೊನೆಯಿಂದ ಒತ್ತಿದಂತೆ ಎರಡು ಕುಳಿ. ಬಲಗಡೆಯದರ ಬಾಯಲ್ಲಿ ಒಂದು ಹನಿ ನೀರು ಮಿನುಗುತ್ತಿತ್ತು. "ಹುಟ್ಟಿದಾಗಿಂದ ಇದೆ ಡಾಕ್ಟ್ರೇ, ಹಲ್ಲು ತಾಗಿ ಆದದ್ದು ಅಂತಾರೆ" ಎಂದರು. ಮೊದಲನೇ ಸಲವೇ ನೋಡಿದ್ದರೆ ಎರಡನೇ ಬಸಿರಿಗೆ ಮುಂಚೆಯೇ ಅವರಿಗೆ ಎಲ್ಲವನ್ನೂ ಹೇಳಬಹುದಿತ್ತು. ಆ ಹನಿ ಇಂದಿಗೂ ನನ್ನ ಕಣ್ಣ ಮುಂದಿದೆ.

ಇದು ವಾನ್ ಡರ್ ವೂಡ್ ಸಿಂಡ್ರೋಮ್. ಸೀಳಿನ ಜೊತೆ ಬರುವ ಸಿಂಡ್ರೋಮ್‌ಗಳಲ್ಲಿ ಹೆಚ್ಚಾಗಿ ಕಾಣುವ ಒಂದು, ಒಟ್ಟು ಸೀಳುಗಳಲ್ಲಿ ನೂರಕ್ಕೆ ಸುಮಾರು 2. ಐಆರ್‌ಎಫ್6 ಎಂಬ ವಂಶವಾಹಿಯ, ಅಂದರೆ ಜೀನಿನ, ದೋಷ ಇದಕ್ಕೆ ಕಾರಣ ಎಂದು 2002ರಲ್ಲಿ ಪತ್ತೆಯಾಯಿತು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಆ ದೋಷ ದಾಟುವ ಸಂಭವ ಅರ್ಧಕ್ಕರ್ಧ. ದಾಟಿದವರಿಗೆಲ್ಲ ಸೀಳು ಆಗಲೇಬೇಕೆಂದಿಲ್ಲ. ಕೆಲವರಿಗೆ ಕುಳಿ ಮಾತ್ರ, ಕೆಲವರಿಗೆ ಅದೂ ಸರಿಯಾಗಿ ಕಾಣದು. ಒಂದೇ ಮನೆಯಲ್ಲಿ ಒಬ್ಬರಿಗೆ ತುಟಿ, ಇನ್ನೊಬ್ಬರಿಗೆ ಅಂಗಳ ಮಾತ್ರ ಸೀಳಿದ್ದರೆ ಮೊದಲು ಇದನ್ನೇ ನೆನೆಯಬೇಕು. ಲಿಪ್‌ಸ್ಟಿಕ್ ಒರೆಸಿ, ಮೀಸೆ ಗಡ್ಡ ಸರಿಸಿ, ಇಬ್ಬರ ಕೆಳತುಟಿಯನ್ನೂ ಬೆಳಕಿನಲ್ಲಿ ನೋಡಿ. ಅಪ್ಪನ ಮೀಸೆಯಡಿ ಹಳೆಯ ಹೊಲಿಗೆಯ ಗೆರೆ ಇದ್ದು, "ಚಿಕ್ಕಂದಿನಲ್ಲಿ ಬಿದ್ದದ್ದು" ಎಂದು ಮನೆಯವರು ಹೇಳಿಕೊಂಡು ಬಂದಿರುವುದೂ ಉಂಟು.

ಕಾಫಿ ತೋಟದ ಲೈನ್ ಮನೆಗಳಲ್ಲಿರುವ, ದೂರದ ರಾಜ್ಯಗಳಿಂದ ಬಂದ ಕುಟುಂಬಗಳಿಗೆ ಈ ಹಂತ ಕಷ್ಟ. ಅಜ್ಜಿ ಊರಿನಲ್ಲಿರುತ್ತಾರೆ, ಮಾತು ಬೇರೆ. ವಿಡಿಯೊ ಕಾಲ್ ಮಾಡಿಸಿ. ತೋಟದವರು ಒಂದು ದಿನದ ಸಂಬಳ ಹಿಡಿಯದೆ ಕಳಿಸಿಕೊಟ್ಟರೆ ಅದು ದೊಡ್ಡ ಉಪಕಾರ.

ಹಂತ 5: ಆಪರೇಷನ್ನಿಗೆ ಮುಂಚಿನ ತಪಾಸಣೆ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್‌ಬಿಎಸ್‌ಕೆ, 2013ರಿಂದ ಇದೆ. ತಾಲ್ಲೂಕಿನ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತವೆ. ಅವರ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗಳವೂ ಸೇರಿದೆ. ಅಂಗನವಾಡಿ ಟೀಚರ್ ಅಥವಾ ಆಶಾ ಮೂಲಕ ಅವರಲ್ಲಿ ಹೆಸರು ಬರೆಸಿ, ಮುಂದಿನ ಆಸ್ಪತ್ರೆಗೆ ಚೀಟಿ ಸಿಗುತ್ತದೆ. ಹಾಸನದವರಿಗೆ ಹಿಮ್ಸ್, ಅಂದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ, ಅಡಿಯ ಶ್ರೀ ಚಾಮರಾಜೇಂದ್ರ ಆಸ್ಪತ್ರೆ, ಚಿಕ್ಕಮಗಳೂರಿನವರಿಗೆ ಜಿಲ್ಲಾಸ್ಪತ್ರೆ ಮೊದಲ ಮೆಟ್ಟಿಲು.

ಅಲ್ಲಿ ಕೇಳಿ ಮಾಡಿಸಬೇಕಾದವು: ಹೃದಯದ ಎಕೋ, ರಕ್ತದಲ್ಲಿ ಕ್ಯಾಲ್ಸಿಯಂ, ಲಿಂಫೋಸೈಟ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಎಣಿಕೆ ಸಹಿತ ರಕ್ತಪರೀಕ್ಷೆ, ಕಿವಿಯ ಪರೀಕ್ಷೆ, ಕಣ್ಣಿನ ಪರೀಕ್ಷೆ. ಎಲ್ಲವೂ ಎಲ್ಲರಿಗೂ ಬೇಕಾಗದು, ಅಂಗಳ ಮಾತ್ರ ಸೀಳಿದ್ದರೆ ಅಥವಾ ಹಂತ 3ರಲ್ಲಿ ಏನಾದರೂ ಕಂಡಿದ್ದರೆ ಪಟ್ಟು ಹಿಡಿಯಿರಿ.

ಕ್ಯಾಲ್ಸಿಯಂ ಏಕೆ ಎಂದರೆ 22ಕ್ಯೂ11.2 ಡಿಲೀಷನ್ ಎಂಬ ಸಿಂಡ್ರೋಮಿನಿಂದ. ಜೀನುಗಳನ್ನು ಹೊತ್ತ ಎಳೆಗೆ ವರ್ಣತಂತು, ಅಂದರೆ ಕ್ರೋಮೋಸೋಮ್, ಎನ್ನುತ್ತಾರೆ; ಇಲ್ಲಿ 22ನೇ ವರ್ಣತಂತುವಿನ ಒಂದು ಚೂರು ಕಳೆದುಹೋಗಿರುತ್ತದೆ. ಡಿಜಾರ್ಜ್ ಸಿಂಡ್ರೋಮ್ ಎಂದರೂ ಇದೇ. ಹೃದಯದಲ್ಲಿ ತೂತು ಅಥವಾ ರಕ್ತನಾಳದ ತೊಂದರೆ, ಅಂಗಳದ ಸೀಳು ಅಥವಾ ಮುಚ್ಚಿದ ಸೀಳು, ಕ್ಯಾಲ್ಸಿಯಂ ಕೊರತೆ, ಪದೇ ಪದೇ ಸೋಂಕು, ಮಾತು ತಡ, ಉದ್ದ ಮುಖ, ಸಪೂರ ಬೆರಳುಗಳು ಇದರ ಲಕ್ಷಣ. ಎಲ್ಲವೂ ಒಬ್ಬರಲ್ಲೇ ಇರುವುದಿಲ್ಲ. ಹುಟ್ಟಿದ ಕೆಲವೇ ದಿನಕ್ಕೆ ಕೂಸಿಗೆ ಫಿಟ್ಸ್ ಬಂದರೆ "ಬಾಲಗ್ರಹ" ಎಂದು ದಾರ ಕಟ್ಟಿಸಲು ಓಡಬೇಡಿ, ಕ್ಯಾಲ್ಸಿಯಂ ಕುಸಿದಿರಬಹುದು.

ಈ ಸಿಂಡ್ರೋಮ್ ಇದ್ದರೆ ಆಪರೇಷನ್ ಮಾಡುವವರು ಮೂರು ಸಂಗತಿ ತಿಳಿದಿರಬೇಕು. ರಕ್ತ ಕೊಡಬೇಕಾಗಿ ಬಂದರೆ, ರೋಗನಿರೋಧಕ ಶಕ್ತಿ ಸರಿಯಿದೆ ಎಂದು ಖಾತ್ರಿಯಾಗುವವರೆಗೆ, ವಿಕಿರಣ ಹಾಯಿಸಿದ ರಕ್ತವನ್ನೇ ಕೊಡಬೇಕು. ಮಾತಿನ ಸಲುವಾಗಿ ಗಂಟಲ ಹಿಂಭಾಗದ ಆಪರೇಷನ್ ಮಾಡುವುದಿದ್ದರೆ ಕುತ್ತಿಗೆಯ ದೊಡ್ಡ ರಕ್ತನಾಳ ಜಾಗ ಬಿಟ್ಟು ನಡುವಿಗೆ ಸರಿದಿರಬಹುದು. ಅರಿವಳಿಕೆ ಹೊತ್ತಿನಲ್ಲಿ ಕ್ಯಾಲ್ಸಿಯಂ ಮೇಲೆ ಕಣ್ಣಿರಬೇಕು. ಲಸಿಕೆ ವಿಚಾರದಲ್ಲೂ ಒಂದು ಮಾತಿದೆ. ಬಾಯಿಗೆ ಹಾಕುವ ಪೋಲಿಯೊ, ರೋಟಾವೈರಸ್ ಹನಿಗಳಂಥ ಜೀವಂತ ಲಸಿಕೆಗಳನ್ನು ಈ ಶಂಕೆ ಇರುವ ಮಗುವಿಗೆ ಕೊಡುವ ಮುಂಚೆ ಮಕ್ಕಳ ವೈದ್ಯರನ್ನು ಕೇಳಿ. ನೀವಾಗಿಯೇ ಲಸಿಕೆ ಬಿಡಿಸಬೇಡಿ, ಸೀಳು ಇರುವ ಹೆಚ್ಚಿನ ಮಕ್ಕಳಿಗೆ ಎಲ್ಲ ಲಸಿಕೆಯೂ ಹೊತ್ತಿಗೆ ಸರಿಯಾಗಿ ಬೇಕು.

ಎಚ್ಚರಿಕೆ: ಜೀನ್ ರಿಪೋರ್ಟ್ ಬರಲಿ ಎಂದು ಆಪರೇಷನ್ ಮುಂದೂಡುತ್ತ ಹೋಗಬೇಡಿ. ತುಟಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು, ಅಂಗಳಕ್ಕೆ 9ರಿಂದ 18 ತಿಂಗಳು ಒಳ್ಳೆಯ ಕಾಲ. ಹೃದಯ, ಉಸಿರುದಾರಿ ಸುರಕ್ಷಿತ ಎಂದಾದರೆ ಆಪರೇಷನ್ ಆಗಲಿ, ರಿಪೋರ್ಟ್ ಹಿಂದೆ ಬರಲಿ. ಅಲ್ಲಿಯವರೆಗೆ ತಲೆ ಎತ್ತರಿಸಿ, ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಕುಡಿಸಿ. ತೂಕ ಏರದ ಮಗುವಿಗೆ ಅರಿವಳಿಕೆ ಕೊಡಲು ಯಾರೂ ಒಪ್ಪುವುದಿಲ್ಲ.

ಹಂತ 6: ಜೆನೆಟಿಕ್ ಕ್ಲಿನಿಕ್, ಪರೀಕ್ಷೆಯ ಆಯ್ಕೆ

ಅಂಗಳ ಮಾತ್ರ ಸೀಳಿದ್ದು ಜೊತೆಗೆ ಬೇರೆ ಗುರುತು, ಹೃದಯದ ತೊಂದರೆ, ಬೆಳವಣಿಗೆ ಹಿಂದುಳಿದದ್ದು, ಮನೆತನದಲ್ಲಿ ಇನ್ನೊಬ್ಬರಿಗೆ ಸೀಳು, ತುಟಿಯ ಕುಳಿ, ಸಂಬಂಧದ ಮದುವೆಯ ಜೊತೆ ಬೇರೆ ತೊಂದರೆ: ಇವುಗಳಲ್ಲಿ ಯಾವುದಿದ್ದರೂ ಜೆನೆಟಿಕ್ಸ್ ವೈದ್ಯರನ್ನು ಕಾಣಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೋಡಿಯಾಗಿ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಲಾದ ಕೇಂದ್ರ. ಘಟ್ಟ ಇಳಿಯುವುದು ಹತ್ತಿರ ಎನ್ನುವ ಕೊಪ್ಪ, ಶೃಂಗೇರಿ ಕಡೆಯವರಿಗೆ ಮಣಿಪಾಲದಲ್ಲೂ ಜೆನೆಟಿಕ್ಸ್ ವಿಭಾಗವಿದೆ. ಸಾಧ್ಯವಾದರೆ ಅಪ್ಪ ಅಮ್ಮ ಇಬ್ಬರೂ ಹೋಗಿ. ಮಗುವಿನಲ್ಲಿ ಕಂಡ ಬದಲಾವಣೆ ನಿಮ್ಮಿಂದ ಬಂದದ್ದೋ ಹೊಸದೋ ಎಂದು ತಿಳಿಯಲು ನಿಮ್ಮ ರಕ್ತವೂ ಬೇಕು, ಅದಕ್ಕೆಂದು ಇನ್ನೊಮ್ಮೆ ಬಸ್ಸು ಹತ್ತುವುದು ತಪ್ಪುತ್ತದೆ.

ಪರೀಕ್ಷೆಗಳಲ್ಲಿ ನಾಲ್ಕು ಬಗೆ. ಕ್ಯಾರಿಯೊಟೈಪ್ ಎಂದರೆ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ನೋಡುವುದು, ಇಡೀ ವರ್ಣತಂತು ಹೆಚ್ಚು ಕಡಿಮೆಯಿದ್ದರೆ ಸಿಗುತ್ತದೆ. 22ಕ್ಯೂ11.2ರಂಥ ಸಣ್ಣ ಚೂರು ಕಳೆದದ್ದು ಇದರಲ್ಲಿ ಸಾಮಾನ್ಯವಾಗಿ ಕಾಣದು. ಅದಕ್ಕೆ ಗೊತ್ತಾದ ಜಾಗದಲ್ಲಿ ಚೂರು ಇದೆಯೇ ಎಂದು ನೋಡುವ ಫಿಶ್, ಎಂಎಲ್‌ಪಿಎ, ಅಥವಾ ಮೈಕ್ರೊಅರೇ ಬೇಕು. ಕ್ಯಾರಿಯೊಟೈಪ್ "ನಾರ್ಮಲ್" ಎಂದು ಬಂದದ್ದನ್ನೇ ನಂಬಿ ವರ್ಷಗಟ್ಟಲೆ ಸುಮ್ಮನಿದ್ದವರು ಬಹಳ. ಇಡೀ ವರ್ಣತಂತುಗಳಲ್ಲಿ ಎಲ್ಲಿ ಚೂರು ಕಳೆದಿದೆ, ಎಲ್ಲಿ ಹೆಚ್ಚಿದೆ ಎಂದು ಮೈಕ್ರೊಅರೇ ಹೇಳುತ್ತದೆ. ಒಂದೇ ವಂಶವಾಹಿಯೊಳಗಿನ ಅಕ್ಷರದೋಷ ಹುಡುಕಲು ಆ ವಂಶವಾಹಿಯನ್ನೋ, ಅಂಥ ಹಲವನ್ನು ಒಟ್ಟಿಗೋ ಓದುವ ಪರೀಕ್ಷೆ, ಇಲ್ಲವೇ ಹೆಚ್ಚುಕಡಿಮೆ ಎಲ್ಲ ವಂಶವಾಹಿಗಳನ್ನೂ ಓದುವ ಎಕ್ಸೋಮ್ ಪರೀಕ್ಷೆ. ಯಾವುದು ಮೊದಲು ಎನ್ನುವುದು ಹಂತ 2ರಿಂದ 4ರವರೆಗೆ ನೀವು ಬರೆದದ್ದರ ಮೇಲೆ ನಿಲ್ಲುತ್ತದೆ. ಆ ಹಾಳೆಗಳಿಲ್ಲದೆ ಮಾಡಿಸಿದ ದುಬಾರಿ ಪರೀಕ್ಷೆ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಊರಿನ ಲ್ಯಾಬಿನಲ್ಲೇ ರಕ್ತ ತೆಗೆಸಿ ಕಳಿಸುವುದಿದ್ದರೆ ಟ್ಯೂಬಿನ ಮುಚ್ಚಳದ ಬಣ್ಣ ನೋಡಿಕೊಳ್ಳಿ. ಡಿಎನ್‌ಎ ಪರೀಕ್ಷೆಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು, ಕ್ಯಾರಿಯೊಟೈಪ್ ಮತ್ತು ಫಿಶ್‌ಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು. ಅದಲು ಬದಲಾದರೆ ಕೂಸಿಗೆ ಇನ್ನೊಮ್ಮೆ ಸೂಜಿ. ಇತ್ತೀಚೆಗೆ ರಕ್ತ ಹಾಕಿಸಿದ್ದರೆ ಅದನ್ನೂ ತಿಳಿಸಿ. ಖರ್ಚೆಷ್ಟು, ರಿಪೋರ್ಟಿಗೆ ಎಷ್ಟು ವಾರ, ಬಂದಮೇಲೆ ವಿವರಿಸುವವರು ಯಾರು ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ.

ಹಂತ 7: ರಿಪೋರ್ಟ್ ಓದುವುದು

"ಪ್ಯಾಥೋಜೆನಿಕ್" ಎಂದರೆ ಕಾಯಿಲೆಗೆ ಕಾರಣ, "ಲೈಕ್ಲಿ ಪ್ಯಾಥೋಜೆನಿಕ್" ಎಂದರೆ ಬಹುಪಾಲು ಅದೇ, "ಬಿನೈನ್" ಎಂದರೆ ನಿರಪಾಯ. ನಡುವೆ "ವಿಯುಎಸ್" ಎಂದೊಂದಿದೆ: ಬದಲಾವಣೆ ಕಂಡಿದೆ, ಅದರಿಂದ ಕಾಯಿಲೆ ಬರುತ್ತದೋ ಇಲ್ಲವೋ ಸದ್ಯಕ್ಕೆ ಹೇಳಲಾಗದು. ಇದನ್ನು ನಂಬಿ ಯಾವ ತೀರ್ಮಾನವನ್ನೂ ಮಾಡಬೇಡಿ, ಮುಂದಿನ ಮಗುವಿನ ವಿಷಯದಲ್ಲಂತೂ ಖಂಡಿತ ಬೇಡ. ವರ್ಷ ಎರಡು ವರ್ಷಕ್ಕೊಮ್ಮೆ ಇದಕ್ಕೆ ಹೊಸ ಅರ್ಥ ಸಿಕ್ಕಿದೆಯೇ ಎಂದು ಕೇಳಿ. ಏನೂ ಸಿಗದ ರಿಪೋರ್ಟ್ ಬಂದರೆ ಆ ಪರೀಕ್ಷೆ ಹುಡುಕಿದ ಜಾಗದಲ್ಲಿ ಏನೂ ಇಲ್ಲ ಎಂದಷ್ಟೇ ಅರ್ಥ.

ಹಂತ 8: ಮುಂದಿನ ಮಗು

ಸೀಳೊಂದೇ ಇದ್ದು, ಅಪ್ಪ ಅಮ್ಮ ಇಬ್ಬರಿಗೂ ಏನೂ ಇಲ್ಲದಿದ್ದರೆ ಮುಂದಿನ ಮಗುವಿಗೆ ಬರುವ ಸಂಭವ ನೂರಕ್ಕೆ 3ರಿಂದ 5. ಎಂದರೆ ತೊಂಬತ್ತೈದು ಪಾಲು ಬರುವುದಿಲ್ಲ. ವಾನ್ ಡರ್ ವೂಡ್, ಸ್ಟಿಕ್ಲರ್‌ನಂಥವು ತಂದೆಗೋ ತಾಯಿಗೋ ಇದ್ದರೆ ದೋಷ ದಾಟುವುದು ನೂರಕ್ಕೆ 50. ಇಬ್ಬರಿಂದಲೂ ಬರಬೇಕಾದ ಕಾಯಿಲೆಗಳಲ್ಲಿ ನೂರಕ್ಕೆ 25. 22ಕ್ಯೂ11.2 ಹತ್ತರಲ್ಲಿ ಒಂಬತ್ತು ಸಲ ಮಗುವಿನಲ್ಲೇ ಹೊಸದಾಗಿ ಆದದ್ದು. ಆದರೂ ಅಪ್ಪ ಅಮ್ಮನ ಪರೀಕ್ಷೆ ಬಿಡಬಾರದು, ಉಳಿದ ಹತ್ತನೆಯವರು ನೀವಾಗಿರಬಹುದು.

ಫೋಲಿಕ್ ಆಮ್ಲದ ಮಾತ್ರೆಯನ್ನು ಬಸಿರು ನಿಲ್ಲುವ ಮುಂಚಿನಿಂದಲೇ ಶುರುಮಾಡಿ, ಪ್ರಮಾಣ ವೈದ್ಯರು ಹೇಳಲಿ. 18ರಿಂದ 20ನೇ ವಾರದ ಸ್ಕ್ಯಾನಿಂಗಿನಲ್ಲಿ ತುಟಿಯ ಸೀಳು ಸಾಮಾನ್ಯವಾಗಿ ಕಾಣುತ್ತದೆ. ಅಂಗಳ ಮಾತ್ರದ ಸೀಳು ಹೆಚ್ಚಾಗಿ ತಪ್ಪಿಹೋಗುತ್ತದೆ, ಸ್ಕ್ಯಾನ್ ಮಾಡಿದವರನ್ನು ದೂರಬೇಡಿ. ಮನೆಯ ಜೀನ್ ದೋಷ ಯಾವುದೆಂದು ಮೊದಲೇ ಗೊತ್ತಿದ್ದರೆ ಮಾತ್ರ ಬಸಿರಿನಲ್ಲಿ ಅದನ್ನು ನೇರವಾಗಿ ಹುಡುಕಬಹುದು. ಬಸಿರು ನಿಂತ ಮೇಲೆ ಓಡಿಬಂದರೆ ಸಮಯ ಸಾಲದು.

ಹಂತ 9: ಮತ್ತೆ ಮತ್ತೆ ನೋಡುವುದು

ಕೆಲವು ಸಿಂಡ್ರೋಮ್‌ಗಳು ಹುಟ್ಟಿದಾಗ ಮುಖ ತೋರಿಸುವುದಿಲ್ಲ. ಒಂದು ವರ್ಷಕ್ಕೆ ನಡಿಗೆ, ಕಿವಿ. ಮೂರು ವರ್ಷಕ್ಕೆ ಮಾತು. ಒಂದನೇ ತರಗತಿಗೆ ಸೇರಿಸುವ ಮುಂಚೆ ಕಣ್ಣು, ಕಲಿಕೆ: ಹೀಗೆ ತಿರುಗಿ ತೋರಿಸಿ. ಮಾತು ಮೂಗಿನಲ್ಲಿ ಬರುತ್ತಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಸೀಳಿನ ಮಕ್ಕಳಿಗೆಂದೇ ಒಂದು ವಿಭಾಗವಿದೆ, ಹಾಸನದಿಂದ ಬೆಳಗಿನ ಬಸ್ಸಿಗೆ ಹೊರಟರೆ ಸಂಜೆಗೆ ವಾಪಸಾಗಬಹುದು. 22ಕ್ಯೂ11.2 ಇರುವ ಹುಡುಗ ಹುಡುಗಿಯರಲ್ಲಿ ಹರೆಯಕ್ಕೆ ಬಂದಮೇಲೆ ಮನಸ್ಸಿನ ಕಾಯಿಲೆಗಳು ಹೆಚ್ಚು. ನಿದ್ದೆಗೆಡುವುದು, ಒಬ್ಬರೇ ಮಾತಾಡಿಕೊಳ್ಳುವುದು ಕಂಡರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ.

ಆ ಫೈಲನ್ನು ಅಟ್ಟಕ್ಕೆ ಹಾಕಬೇಡಿ. ಮಗುವಿಗೆ ಹದಿನೆಂಟು ತುಂಬಿದಾಗ ಫೋಟೊ, ನಕ್ಷೆ, ರಿಪೋರ್ಟ್ ಎಲ್ಲವನ್ನೂ ಅವರ ಕೈಗೆ ಕೊಟ್ಟು, ಇನ್ನೊಮ್ಮೆ ಜೆನೆಟಿಕ್ಸ್ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮದುವೆಯ ಮಾತುಕತೆ ಶುರುವಾಗುವ ಮುಂಚೆ ಅದರಲ್ಲಿ ಏನಿದೆಯೆಂದು ಅವರಿಗೆ ಗೊತ್ತಿರಬೇಕು.